ಕಿವಿಯಿಂದ ಕಾಸಿದ ಕಾಫಿ

ರೋಷನಬಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಕೂತರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಅಷ್ಟು ಹಟಮಾರಿ ಹೆಂಗಸು ಅವಳು. ಬಾದಾಮಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಬಸಲಿಂಗವ್ವ, ಗುಳೇದಗುಡ್ಡದಿಂದ ಸೊಸೆಯಾಗಿ ಬಂದವಳು, ಖಣದ ಕುಪ್ಪಸ ಹೊಲಿಯುವವಳು. ಅವಳು ಮದುವೆಗಳಿಗೆ ಬಿರಿಯಾನಿ ಮಾಡಿಕೊಡುವವಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಅವಳ ಬಿರಿಯಾನಿಯನ್ನು ಇವತ್ತಿಗೂ ಬಾಯಿಗೆ ಹಾಕಿಲ್ಲ. ಆದರೆ ಅವಳ ಕೈಯ ಕಾಫಿ ಬಿಟ್ಟವಳಲ್ಲ.

ಇಳಕಲ್ಲು, ಹುನಗುಂದ, ಬಾಗಲಕೋಟೆ, ಎಲ್ಲ ಕಡೆಯಿಂದ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದುದು ಅವಳ ಮೂಗಿಗಾಗಿ. ಹಂಡೆಗೆ ಮುಚ್ಚಳ ಇಟ್ಟು, ಅಂಚಿಗೆಲ್ಲ ಕಣಕದ ಪಟ್ಟಿ ಮೆತ್ತಿ, ಉಗಿ ಹೊರಗೆ ಹೋಗದಂತೆ ಬಿಗಿಯುವುದಕ್ಕೆ ಅವರು ದಮ್ ಅನ್ನುತ್ತಾರೆ. ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಬೇಗ ತೆರೆದರೆ ಅಕ್ಕಿ ಅಕ್ಕಿಯೇ, ತಡವಾದರೆ ತಳ ಹೊತ್ತಿತು. ರೋಷನಬಿ ಹಂಡೆಯ ಅಂಚಿಗೆ ಬಗ್ಗಿ ಒಂದು ಸಲ ಉಸಿರು ಎಳೆದುಕೊಂಡು "ಒಡೀರಿ" ಅಂದರೆ ಮುಗಿಯಿತು, ಒಂದು ಅಗುಳೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಗಂಡ ಶಾಬುದ್ದೀನ ತೀರಿಕೊಂಡ ಮೇಲೆ ಮಗ ನಾಸೀರನನ್ನು ಅವಳು ಬೆಳೆಸಿದ್ದು ಈ ಮೂಗಿನ ಮೇಲೆಯೇ.

ಕೊರೊನಾ ಕಾಲದಲ್ಲಿ ಅವಳಿಗೆ ಜ್ವರ ಬಂತು, ಬಿಟ್ಟಿತು. ಬಿಡುವಾಗ ಮೂಗನ್ನೂ ಕಿತ್ತುಕೊಂಡು ಹೋಯಿತು. ವಾಸನೆ ಅನ್ನುವುದು ಪೂರ್ತಿ ಸತ್ತುಹೋಯಿತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಆ ಕಾಫಿಯಿಂದ.

ನಾಸೀರನ ಕೆಲಸ ನಮ್ಮೂರಿನ ಬಂಡೆ ಹತ್ತಲು ಬರುವವರಿಗೆ ದಾರಿ ತೋರಿಸುವುದು. ಹಾಗೆ ಬಂದ ಪರದೇಶದ ಹುಡುಗಿಯೊಬ್ಬಳು ವಾಪಸು ಹೋಗುವಾಗ ಒಂದು ಪುಟ್ಟ ಪಾತ್ರೆಯನ್ನು ಇವನಿಗೆ ಕೊಟ್ಟು ಹೋದಳು. ಮೋಕಾ ಪಾಟ್ ಅಂತ ಹೆಸರು. ನೋಡಲು ನಡು ಸಣ್ಣ, ಮೇಲೊಂದು ಹೊಟ್ಟೆ, ಕೆಳಗೊಂದು ಹೊಟ್ಟೆ. ಕೆಳಗಿನದಕ್ಕೆ ನೀರು, ನಡುವಿನ ಜರಡಿ ಬಟ್ಟಲಿಗೆ ಕಾಫಿ ಪುಡಿ, ಬಿಗಿಯಾಗಿ ತಿರುಗಿಸಿ ಒಲೆಯ ಮೇಲಿಟ್ಟರೆ ನೀರು ಕಾದು ಪುಡಿಯೊಳಗಿಂದ ಹಾಯ್ದು ಮೇಲಿನ ಹೊಟ್ಟೆಗೆ ಕಾಫಿಯಾಗಿ ಏರುತ್ತದೆ. ಕುಕ್ಕರಿನ ತಂಗಿಯೊಂದು ಮನೆಗೆ ಬಂತು ಎಂದು ನಾನು ನಕ್ಕೆ.

ರೋಷನಬಿ ನಗಲಿಲ್ಲ. ಅದನ್ನು ಮಗುವಿನಂತೆ ಹಚ್ಚಿಕೊಂಡಳು. ಅದರ ರೀತಿ-ರಿವಾಜೆಲ್ಲ ಕಲಿತಳು. ನೀರು ಪಕ್ಕದ ಸಣ್ಣ ತೂತಿನಿಂದ ಒಂದಿಷ್ಟು ಕೆಳಗೇ ಇರಬೇಕು. ಪುಡಿಯನ್ನು ಸಮ ಮಾಡಬೇಕು, ಒತ್ತಬಾರದು. ಪಾತ್ರೆ ಸಣ್ಣದು, ನಮ್ಮ ಒಲೆಯ ಮೇಲೆ ನಿಲ್ಲುವುದಿಲ್ಲ, ಅದಕ್ಕೆ ಕೆಳಗೆ ರೊಟ್ಟಿಯ ಹಂಚು. ಉರಿ ಸಣ್ಣದಿರಬೇಕು, ದೊಡ್ಡದಾದರೆ ಪುಡಿ ಸುಡುತ್ತದೆ. ಕಾಫಿ ಜೇನಿನಂತೆ ಸಣ್ಣಗೆ ಏರಿ ಬಂದು, ಕೊನೆಗೆ ಗೊರಗೊರ ಎಂದು ಸದ್ದು ಶುರುವಾದ ಕೂಡಲೇ ತೆಗೆದು, ಅದರ ಬುಡವನ್ನು ಒದ್ದೆ ಬಟ್ಟೆಯ ಮೇಲೆ ಇಡಬೇಕು. ಆಮೇಲೆ ಬಿಸಿ ಹಾಲು. ಅದರ ರುಚಿ ಏನು ಹೇಳಲಿ! ಮನೆಯಲ್ಲಿ ನನ್ನ ಗಂಡ ಅಂದಪ್ಪ ಮಾಡುವ ಚಹಾ ನನಗೆ ಪಾತ್ರೆ ತೊಳೆದ ನೀರಿನಂತೆ ಕಾಣತೊಡಗಿತು.

ಒಂದು ದಿನ ಅವಳ ಸೊಸೆ ಖುಶನುಮಾ ಹುನಗುಂದಕ್ಕೆ ತವರಿಗೆ ಹೋಗಿದ್ದಳು. ನಾನು ಕಾಫಿಗೆ ಹೋದೆ. ಹೊರಗೆ ಬಂಡಿಯ ಮೇಲೆ ತರಕಾರಿ ಮಾರುವ ಕಲ್ಲೇಶ ದೊಡ್ಡ ದನಿಯಲ್ಲಿ ಕೂಗುತ್ತಿದ್ದ, ಆ ಗದ್ದಲದಲ್ಲಿ ಪಾತ್ರೆಯ ಗೊರಗೊರ ಅವಳಿಗೆ ಕೇಳಿಸಲಿಲ್ಲ. ಕಾಫಿ ಹೊತ್ತಿ, ಮನೆ ತುಂಬ ಕಮಟು ಹೊಡೆಯುತ್ತಿತ್ತು. ಅವಳು ಕಪ್ಪು ಮುಂದಿಟ್ಟು, "ಇವತ್ತು ಹೆಂಗ ಘಮ್ ಅಂತೈತಿ ನೋಡು" ಅಂದಳು.

ನಾನು ಅವಳ ಮುಖವನ್ನೇ ನೋಡಿದೆ. ತಮಾಷೆ ಇರಲಿಲ್ಲ.

"ರೋಷನಬಿ, ಖರೆ ಹೇಳು. ನಿನಗ ವಾಸನಿ ಬರತೈತೊ ಇಲ್ಲೊ?"

ಮೊದಲು ನನ್ನನ್ನೇ ಬೈದಳು. ಆಮೇಲೆ ಬಾಗಿಲು ಮುಂದೆ ಮಾಡಿ ಕೂತು, ಎಲ್ಲ ಹೇಳಿದಳು.

"ಕಹಿ ತಿಳೀತೈತಿ, ಬಿಸಿ ತಿಳೀತೈತಿ. ಉಳದದ್ದು ಏನೂ ಇಲ್ಲ. ಈ ಪಾತ್ರಿಗೆ ಮೂಗು ಬೇಕಿಲ್ಲ ಬಸಲಿಂಗಕ್ಕ, ತಾನ ಮಾತಾಡಿ ಹೇಳತೈತಿ. ಅದಕ್ಕ ಇದರ ಮ್ಯಾಲೆ ನನ್ನ ಜೀವ."

"ಮತ್ತ ಹಂಡಿ? ದಮ್ ಹೆಂಗ ನೋಡ್ತಿ?"

"ಕಿವಿ ಇಡ್ತೇನಿ. ಒಳಗಿನ ಸಪ್ಪಳ ಕೇಳ್ತೇನಿ. ಇಲ್ಲೀತನಕ ಅಲ್ಲಾ ಮಾನ ಕಾದಾನ."

"ನಿನ್ನ ಹಣಿಬಾರ! ಮಗಗ ಹೇಳು, ಸೊಸಿಗಿ ಹೇಳು. ಗ್ಯಾಸ್ ಮುಂದ ನಿಲ್ಲಾಕಿ ನೀ. ನಾಳೆ ಏನರೆ ಆದ್ರ?"

ಅವಳು ನನ್ನ ಕೈ ಹಿಡಿದುಕೊಂಡಳು. "ಮೂಗು ಹೋದ ಬಾವರ್ಚಿನ ಅಡಗಿಗೆ ಯಾರು ಕರೀತಾರ? ನಾ ರೋಷನಬಿ ಅನ್ನೂದು ಅಲ್ಲಿಗೆ ಮುಗೀತು. ಹೇಳಿದ್ರ ನನ್ನ ಹೆಣ ನೋಡ್ತಿ." ಆಣೆ ಮಾಡಿಸಿಕೊಂಡಳು. ಅಂಥ ಆಣೆಗೆ ಬೆಂಕಿ ಹಾಕಬೇಕು. ಆದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು, ನಾನು ಹೂಂ ಅಂದೆ.

ಅಲ್ಲಿಂದ ನನಗೆ ನಿದ್ದೆ ಕೆಟ್ಟಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದರೂ ಗೋಡೆಯ ಆಚೆಗೇ ನನ್ನ ಮೂಗು. ಹಾಲು ಉಕ್ಕಿದರೆ, ಒಗ್ಗರಣೆ ಸೀದರೆ, ಇಲ್ಲಿಂದಲೇ "ಏ ರೋಷನಬಿ!" ಎಂದು ಕೂಗುತ್ತಿದ್ದೆ. ಸೊಸೆಗೆ ಹೇಳೋಣವೆಂದರೆ ಆ ಹುಡುಗಿ ಬಾಯಿ ಸತ್ತದ್ದು. ರೋಷನಬಿಗಂತೂ ಅವಳೆಂದರೆ ಸಸಾರ. ಮದುವೆಗಳಿಗೆ ಜೊತೆಗೆ ಕರೆದುಕೊಂಡು ಹೋದರೂ ಉಳ್ಳಾಗಡ್ಡಿ ಹೆಚ್ಚುವುದು ಬಿಟ್ಟರೆ ಹಂಡೆಯ ಹತ್ತಿರ ಬಿಡುತ್ತಿರಲಿಲ್ಲ. "ಮಬ್ಬು ಐತಿ ಅದು" ಎಂದು ನನ್ನ ಮುಂದೆ ಗೊಣಗುತ್ತಿದ್ದಳು. "ನಾ ದಮ್ಮಿಗೆ ಕಿವಿ ಇಟ್ಟು ಕುಂತಿರ್ತೇನಿ, ಆಗ ನೀರಿನ ಚಂಬು ಹಿಡ್ಕೊಂಡು ಬಂದು ನಿಲ್ತಾಳ. ಅಮ್ಮಾ ನೀರು ಬೇಕೇನ್ರಿ ಅಂತ. ಪ್ರತಿ ಮದುವ್ಯಾಗೂ ಇದ ಆಟ. ನಾ ಎದ್ದು ಹಂಡಿ ಒಡಸಬೇಕು ಅನ್ನೂದರಾಗ ಈಕಿ ನೀರು!" ಮನೆಯ ಅಡುಗೆಯಲ್ಲೂ ಸೊಸೆ ಬೆನ್ನ ಹಿಂದೆಯೇ ಸುಳಿದಾಡುತ್ತಾಳೆ ಎಂದು ರೇಗುತ್ತಿದ್ದಳು. ಕಾಫಿಯ ಹೊತ್ತಿಗೆ ಮಾತ್ರ ಅವಳನ್ನು ಹೊರಗೆ ಅಟ್ಟುತ್ತಿದ್ದಳು. ಅದೊಂದನ್ನು ತಾನೊಬ್ಬಳೇ ಮಾಡಬೇಕು.

ಆಷಾಢ ಬಂತು. ನಮ್ಮಲ್ಲಿ ಆಷಾಢಕ್ಕೆ ಮದುವೆ ಇಲ್ಲ, ಅವರಿಗೆ ಅದರ ಹಂಗಿಲ್ಲ. ಇಳಕಲ್ಲಿನಿಂದ ಖೈರುನಬಿ ಎಂಬ ಹಿರಿಯ ಹೆಂಗಸು ಮೊಮ್ಮಗಳು ಗೌಸಿಯಾಳ ಮದುವೆಯ ಅಡುಗೆ ಗೊತ್ತು ಮಾಡಲು ಬಂದರು. ದೊಡ್ಡ ಮನೆತನ, ನಾಲಿಗೆ ಖಡಕ್ಕು. ಅವರು ಒಪ್ಪಿದರೆ ಇಳಕಲ್ಲೆಲ್ಲ ಒಪ್ಪಿದಂತೆ, ಮುಖ ಸಿಂಡರಿಸಿದರೆ ಅಲ್ಲಿಗೆ ಕತೆ ಮುಗಿದಂತೆ. ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ನಾಸೀರ ಬಂಡೆಯ ಕಡೆ ಹೋಗಿದ್ದ. ಖುಶನುಮಾ ಹಾಲಿಗೆ ಹೋಗಿದ್ದಳು. ನಾನು ಮುಂದಿನ ಕೋಣೆಯಲ್ಲಿ ಅವರ ಜೊತೆ ಮಾತಿಗೆ ಕೂತೆ. ರೋಷನಬಿ, "ನಮ್ಮ ಮನಿ ಕಾಫಿ ಕುಡದ ನೋಡ್ರಿ ಆಪಾ" ಎಂದು ಒಳಗೆ ಹೋದಳು.

ಒಳಗೆ ಏನಾಯಿತು ಎನ್ನುವುದನ್ನು ಅವಳು ಆಮೇಲೆ ಹೇಳಿದ್ದು. ಪಾತ್ರೆಗೆ ನೀರು, ಪುಡಿ ಹಾಕಿ, ಹಂಚಿನ ಮೇಲಿಟ್ಟು, ಉರಿ ಸಣ್ಣಗೆ ಮಾಡಿದಳು. ಹಿತ್ತಿಲ ಬಾಗಿಲಿನಿಂದ ಆಷಾಢದ ಗಾಳಿ ಬೀಸಿತು. ಉರಿಗೆ ತೊಂದರೆ ಎಂದು ಬಾಗಿಲೂ ಹಾಕಿದಳು, ಕಿಟಕಿಯೂ ಹಾಕಿದಳು. ಅಷ್ಟರಲ್ಲೇ ಉರಿ ಆರಿಹೋಗಿತ್ತು. ಹಂಚಿನ ಕೆಳಗಿನ ಸಣ್ಣ ಉರಿ, ಆರಿದ್ದು ಕಾಣಲಿಲ್ಲ. ಅವಳು ಕಿವಿ ಕೊಟ್ಟು ನಿಂತಳು. ಗೊರಗೊರ ಇಲ್ಲ. ಬದಲಿಗೆ ಸುಸ್ ಅನ್ನುವ ಸಣ್ಣ ಸದ್ದು. ಪಾತ್ರೆಯ ಸಂದಿನಿಂದ ಉಗಿ ಸೋರುತ್ತಿದೆ, ಅದಕ್ಕೇ ಕಾಫಿ ಏರುತ್ತಿಲ್ಲ ಎಂದುಕೊಂಡಳು. ದಮ್ ಕಟ್ಟಿದ ಕೈ ತಾನೇ? ಚಪಾತಿಗೆ ಕಲಸಿಟ್ಟಿದ್ದ ಕಣಕದಲ್ಲಿ ಒಂದು ಎಳೆ ಹೊಸೆದು ಪಾತ್ರೆಯ ನಡುವಿಗೆ ಸುತ್ತಲೂ ಮೆತ್ತಿದಳು. ಸದ್ದು ನಿಲ್ಲಲಿಲ್ಲ. ಪಕ್ಕದ ತೂತಿಗೂ ಮೆತ್ತಿದಳು. ಆದರೂ ನಿಲ್ಲಲಿಲ್ಲ.

ಸೋರುತ್ತಿದ್ದುದು ಉಗಿಯಲ್ಲ, ಗ್ಯಾಸು.

ನಾನು ಖೈರುನಬಿಯವರಿಗೆ ಖಣದ ವಿಚಾರ ಹೇಳುತ್ತಿದ್ದೆ. ಮಾತಿನ ನಡುವೆ ಮೂಗಿಗೆ ಏನೋ ಬಡಿಯಿತು. ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ. ಎದ್ದು ಓಡಿ ನಡುಮನೆ ದಾಟಿದೆ. ಅಡುಗೆಮನೆಯ ಬಾಗಿಲಲ್ಲಿ ಗ್ಯಾಸು ಗಪ್ಪೆಂದು ಮುಖಕ್ಕೆ ಹೊಡೆಯಿತು. ರೋಷನಬಿ ಒಲೆಯ ಮುಂದೆ ಬಗ್ಗಿದ್ದಳು. ಉರಿ ಆರಿದ್ದು ಅವಳಿಗೆ ಆಗ ಕಂಡಿತ್ತು. ಒಂದು ಕೈಯಲ್ಲಿ ಹಂಚು ಎತ್ತಿದ್ದಳು, ಇನ್ನೊಂದು ಕೈಯಲ್ಲಿ ಲೈಟರ್. ಹೆಬ್ಬೆರಳು ಅದರ ಗುಂಡಿಯ ಮೇಲಿತ್ತು.

"ಒತ್ತಬ್ಯಾಡ! ಏ ಮೂಳ, ಒತ್ತಬ್ಯಾಡ!"

ಅವಳು ಬೆಚ್ಚಿ ತಿರುಗಿದಳು. ನಾನು ಹಾರಿ ಲೈಟರ್ ಕಸಿದುಕೊಂಡೆ. ಒಲೆಯ ಕಿವಿ ತಿರುಗಿಸಿದೆ, ಸಿಲಿಂಡರನ್ನೂ ಬಂದ್ ಮಾಡಿದೆ. ಹಿಂದೆ ಬಂದ ಖೈರುನಬಿ, ಗಾಳಿ ಹೊರಗೆ ಹೋಗಲೆಂದು ಗೋಡೆಯ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದರು.

"ಮುಟ್ಟಬ್ಯಾಡ್ರಿ! ಕಿಡಿ ಹಾರತೈತಿ! ನಡೀರಿ ಹೊರಗ!"

ಅವರ ಕೈ ಹಾಗೇ ನಿಂತಿತು. ನಾನು ಹಿತ್ತಿಲ ಬಾಗಿಲು ಒದ್ದು ತೆರೆದೆ, ಕಿಟಕಿ ತೆರೆದೆ, ರೋಷನಬಿಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದೆ. ಆಗ ಬಂತು ನೋಡಿ ನನಗೆ ಸಿಟ್ಟು. ಆಣೆ ಗೀಣೆ ಒಂದೂ ನೆನಪಾಗಲಿಲ್ಲ.

"ಸಾಯಾಕ ನಿಂತಿದ್ದಿ ನೀ! ನಮ್ಮನ್ನೆಲ್ಲ ಕರಕೊಂಡು ಸಾಯಾಕ ನಿಂತಿದ್ದಿ! ವಾಸನಿ ಬರಂಗಿಲ್ಲ ಅಂತ ಮನ್ಯಾಗ ಹೇಳು ಅಂದ್ನಿಲ್ಲ? ಹೇಳಿದ್ನಿಲ್ಲ ನಾ?"

ಮಾತು ಬಾಯಿಂದ ಹೋದ ಮೇಲೆ ಖೈರುನಬಿಯ ಮುಖ ಕಂಡಿತು. ಅವರು ನನ್ನನ್ನು ನೋಡಲಿಲ್ಲ, ರೋಷನಬಿಯನ್ನೇ ನೋಡುತ್ತಿದ್ದರು.

"ಖರೆ ಏನವಾ?"

ರೋಷನಬಿ ಗೋಡೆಗೆ ಒರಗಿ ಕೂತಳು. ಬೆರಳಿಗೆ ಕಣಕ ಇನ್ನೂ ಅಂಟಿತ್ತು.

"ಖರೆ ಆಪಾ. ಜ್ವರ ಬಂದಾಗಿಂದ ಬರಂಗಿಲ್ಲ."

"ಹೋದ ವರ್ಷ ಹುನಗುಂದದ ಮದುವ್ಯಾಗ ನಿನ್ನ ಕೈಯಾಗಿಂದ ಉಂಡೇನಿ. ದಮ್ ಸರೀ ಇತ್ತು. ಮೂಗಿಲ್ಲದ ಹೆಂಗ ನೋಡಿದಿ?"

"ಕಿವಿ ಇಟ್ಟು ಕೇಳಿ ಒಡಸ್ತೇನಿ, ಆಪಾ."

"ಕಿವಿ!" ಖೈರುನಬಿ ಒಳಗಿನ ಒಲೆಯ ಕಡೆ ಕೈ ಮಾಡಿದರು. "ಈಗ ಆ ಕಿವಿ ಏನು ಮಾಡ್ತಿತ್ತು? ನಮ್ಮ ಗೌಸಿಯಾನ ಮದುವಿಗೆ ಊರ ಬರತೈತಿ. ದಮ್ ಯಾರು ನೋಡೋರು?"

ರೋಷನಬಿಯ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವಳ ಬಾಳಿನ ಹೆಸರೆಲ್ಲ ಆ ಅಂಗಳದಲ್ಲಿ ಬಿದ್ದಿತ್ತು, ಬೀಳಿಸಿದವಳು ನಾನು. ಜೀವ ಉಳಿಸಿದೆನೆಂಬ ಸಮಾಧಾನವೂ ಆಗ ಬರಲಿಲ್ಲ.

ಆಗ ಖುಶನುಮಾ ಹಾಲಿನ ಪಾಕೀಟು ಹಿಡಿದು ಅಂಗಳದ ಬಾಗಿಲಿಗೆ ಬಂದಳು. ಗ್ಯಾಸಿನ ವಾಸನೆ ಇನ್ನೂ ಇತ್ತು. ಒಂದು ಸಲ ಮೂಗು ಅರಳಿಸಿದಳು, ಅತ್ತೆಯನ್ನು ನೋಡಿದಳು, ಓಡಿ ಬಂದು ಅವಳ ಮೈಕೈ ಮುಟ್ಟಿ ನೋಡಿದಳು. ಸುಟ್ಟಿಲ್ಲ ಎಂದು ತಿಳಿದ ಮೇಲೆ ಬಾಯಿಂದ ಬಂದದ್ದು ಅದೇ ಮಾತು.

"ಅಮ್ಮಾ, ನೀರು ಬೇಕೇನ್ರಿ?"

ರೋಷನಬಿ ತಲೆ ಎತ್ತಿದಳು. ಸೊಸೆಯನ್ನು ಅವಳು ಹಾಗೆ ದಿಟ್ಟಿಸಿ ನೋಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಹುನಗುಂದದ ಮದುವ್ಯಾಗೂ ನೀ ನೀರು ತಂದಿದ್ದಿ."

ಖುಶನುಮಾ ಹಾಲಿನ ಪಾಕೀಟನ್ನು ಕೆಳಗಿಟ್ಟಳು.

"ಕಲಾದಗಿಯೊಳಗೂ ತಂದಿದ್ದಿ. ಬಾಗಲಕೋಟ್ಯಾಗೂ. ನೀ ನೀರು ಅಂದ ಮ್ಯಾಲೇನ ನಾ ಎದ್ದು ಹಂಡಿ ಒಡಸ್ತಿದ್ದೆ. ಎಂದಾದ್ರೂ ಅದಕ್ಕಿಂತ ಮೊದಲ ಒಡಸಿದ್ನೇನು ನಾ?"

"ಇಲ್ರಿ ಅಮ್ಮಾ."

"ಯಾವಾಗಿಂದ ಗೊತ್ತೈತಿ ನಿನಗ?"

"ಜ್ವರ ಬಿಟ್ಟ ದಿನದಿಂದ್ರಿ. ಅನ್ನ ಹೊತ್ತಿತ್ತು, ನೀವು ಒಲಿ ಮುಂದನ ನಿಂತಿದ್ರಿ. ನೀವು ಹೇಳಲಿಲ್ಲ, ಅದಕ್ಕ ನಾನೂ ಕೇಳಲಿಲ್ಲ. ಹಂಡಿ ಘಮ ಆದ ಕೂಡಲೆ ನೀರು ತರ್ತಿದ್ದೆ. ನಾಲ್ಕ ಮಂದ್ಯಾಗ ನಿಮಗ ಹೇಳಿಕೊಟ್ಟಂಗ ಆಗಬಾರದಲ್ರಿ?"

ನನ್ನ ಕಣ್ಣು ತುಂಬಿ ಬಂತು. ಮಬ್ಬಂತೆ, ಮಬ್ಬು! ಖೈರುನಬಿ ತಲೆಯ ಸೆರಗು ಸರಿ ಮಾಡಿಕೊಂಡು, "ಅಂಗೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರೆಲ್ಲ ತಿರಗಿದ್ರಂತ" ಅಂದರು. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ಆದರೆ ಪ್ರಶ್ನೆ ಬಿಡಲಿಲ್ಲ. "ನಾ ಕೇಳಿದ್ದು ಹಂಗ ಉಳೀತು. ದಮ್ ಯಾರು ನೋಡೋರು?"

ರೋಷನಬಿ ಎದ್ದು ನಿಂತಳು. ಕೈಯ ಕಣಕವನ್ನು ಉಜ್ಜಿ ತೆಗೆದಳು.

"ನನ್ನ ಸೊಸಿ ನೋಡ್ತಾಳ್ರಿ ಆಪಾ. ಇಷ್ಟು ದಿನಾನೂ ಅಕಿನ ನೋಡ್ಯಾಳ."

ಖೈರುನಬಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಮೊದಲ ಕಾಫಿ ಬರಲಿ" ಅಂದರು.

ವಾಸನೆ ಪೂರ್ತಿ ಹೋಗುವ ತನಕ ನಾನು ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ರೋಷನಬಿ ಪಾತ್ರೆಗೆ ಮೆತ್ತಿದ್ದ ಕಣಕ ಕಿತ್ತು, ಉಜ್ಜಿ ತೊಳೆದು, ತೂತನ್ನೂ ಸ್ವಚ್ಛ ಮಾಡಿ, ಹೊಸ ನೀರು, ಹೊಸ ಪುಡಿ ಹಾಕಿದಳು. ಖುಶನುಮಾ ರೂಢಿಯಂತೆ ಹೊರಗೆ ಹೊರಟಳು.

"ಎಲ್ಲಿಗೆ ಹೊಂಟಿ? ಬಾ ಇಲ್ಲಿ, ಒಲಿ ಮುಂದ ನಿಲ್ಲು."

ಹುಡುಗಿ ಬಂದು ನಿಂತಳು. ಖೈರುನಬಿ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಕಾಫಿ ಸಣ್ಣಗೆ ಏರತೊಡಗಿತು. ರೋಷನಬಿ ಅಭ್ಯಾಸಬಲದಿಂದ ಕಿವಿ ಬಾಗಿಸಿದಳು. ಖುಶನುಮಾಳ ಕೈ ತಂತಾನೇ ನೀರಿನ ಚಂಬಿನ ಕಡೆ ಹೋಯಿತು, ಅಲ್ಲೇ ನಿಂತಿತು. ಒಂದು ಸಲ ಉಸಿರು ಎಳೆದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಮ್ಮಾ, ಆತ್ರಿ. ಇಳಸ್ರಿ."

ಗೊರಗೊರ ಸದ್ದು ಇನ್ನೂ ಶುರುವಾಗಿರಲಿಲ್ಲ. ರೋಷನಬಿ ಅದಕ್ಕೆ ಕಾಯದೆ ಪಾತ್ರೆ ಇಳಿಸಿದಳು.