ಪರದೆಯ ಹಿಂದಿನ ಎರಡನೆಯ ಕುರ್ಚಿ

ಆಸ್ಪತ್ರೆಯಲ್ಲಿ ಮಕ್ಕಳೊಡನೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆಯಾಗಲು ಓದುತ್ತಿದ್ದ ಎರಡನೆಯ ವರ್ಷ, ನನ್ನನ್ನು ತರಬೇತಿಗೆಂದು ಕಲಘಟಗಿ ಸೀಮೆಯ ಒಂದು ಸಣ್ಣ ಆಸ್ಪತ್ರೆಗೆ ಹಾಕಿದರು. ಕಾಲೇಜಿನಲ್ಲಿ ಒಂದು ಬದಿಯಿಂದ ಮಾತ್ರ ಕಾಣುವ ಗಾಜು ಇತ್ತು. ವಿದ್ಯಾರ್ಥಿ ಮಗುವಿನೊಡನೆ ಮಾತಾಡುವಾಗ ಮಾರ್ಗದರ್ಶಕರು ಅದರಾಚೆ ಕೂತು ಗಮನಿಸುತ್ತಿದ್ದರು. ಇಲ್ಲಿ ಗಾಜಿನ ಬದಲು ಇಂಜೆಕ್ಷನ್ ಕೋಣೆಯ ಹಸಿರು ಪರದೆ. ಹಿಂದೆ ಯಾರಿದ್ದಾರೆಂದು ಮಗುವಿಗೆ ಮೊದಲೇ ಹೇಳಬೇಕು. ಈ ನಿಯಮ ಕಲಿಸಿದವರು ನನ್ನ ಮಾರ್ಗದರ್ಶಕಿಯೇ.

ಆ ಹುಡುಗಿಗೆ ಹತ್ತು ವರ್ಷ. ಸಕ್ಕರೆ ಕಾಯಿಲೆ. ಇನ್ಸುಲಿನ್ ತಪ್ಪಿಸುವುದಿಲ್ಲವೆಂದು ಮನೆಯವರು ಹೇಳುತ್ತಿದ್ದರೂ ಮತ್ತೆ ಮತ್ತೆ ಎಚ್ಚರ ತಪ್ಪಿ ದಾಖಲಾಗುತ್ತಿದ್ದಳು. ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟವೆಂದು ಹೇಳಿ ವೈದ್ಯರು ನಮ್ಮಲ್ಲಿಗೆ ಕಳಿಸಿದ್ದರು.

"ಪರದೆ ಹಿಂದ ನಮ್ಮ ಮೇಡಂ ಅದಾರ. ಅವರನ್ನ ಬಿಟ್ರ ಯಾರೂ ಇಲ್ಲ," ಎಂದೆ.

"ಅವರ್ಯಾಕ ಅಡಗಿ ಕುಂತಾರ್ರೀ ಅಕ್ಕಾರ? ಅವರಿಗೂ ಸೂಜಿ ಅಂದ್ರ ಅಂಜಿಕಿ ಏನ್ರಿ?"

ಇಬ್ಬರೂ ನಕ್ಕೆವು. ಆಮೇಲೆ ತಾನಾಗಿಯೇ ಹೇಳಿದಳು. ಶಾಲೆಯಲ್ಲಿ ಮಧ್ಯಾಹ್ನ ಚುಚ್ಚಿಕೊಳ್ಳುವಾಗ ಹುಡುಗಿಯರು ಕಿಟಕಿಗೆ ಮುತ್ತಿ 'ಸೂಜಿಮಲ್ಲಿಗಿ' ಎಂದು ಕೂಗುತ್ತಾರೆ. ಹಾಗಾಗಿ ಔಷಧವನ್ನು ಶಾಲೆಯ ಹಿಂದಿನ ಬೇವಿನ ಬುಡಕ್ಕೆ ಚಿಮ್ಮಿಸಿಬಿಡುತ್ತಾಳೆ.

"ಬೇವಿನ ಗಿಡಕ್ಕಂತೂ ಸಕ್ಕರಿ ರೋಗ ಬರೂದಿಲ್ಲ ಬಿಡ್ರಿ. ಅವ್ವಗ ಹೇಳಬ್ಯಾಡ್ರಿ ಮತ್ತ."

"ಹೇಳಬೇಕಾಗ್ತೈತಿ. ಆದ್ರ ಇಬ್ಬರೂ ಕೂಡಿ ಹೇಳೂಣು," ಎನ್ನುವಷ್ಟರಲ್ಲಿ ಪರದೆ ಸರಿಯಿತು. ಹೊರಬಂದದ್ದು ಅವಳ ತಾಯಿ.

"ಗಿಡಕ್ಕ ಹಾಕ್ತಿ ಏನ್ ಬೇ? ನೀರಿನ ಗಡಗ್ಯಾಗ ತಂಪಗಿಟ್ಟು ಕಳಸ್ತೀನಿ, ಗಿಡಕ್ಕ ಹಾಕ್ತಿ?" ಬೈಯುತ್ತಲೇ ಅಳತೊಡಗಿದಳು. ಮಾರ್ಗದರ್ಶಕಿ ನನಗೂ ತಿಳಿಸದೆ ಅವಳನ್ನು ಆಚೆ ಬಾಗಿಲಿಂದ ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಹುಡುಗಿ ತಾಯಿಯ ಕಡೆ ನೋಡಲಿಲ್ಲ. ನನ್ನನ್ನು ನೋಡಿದಳು.

ಹೀಗೇಕೆ ಮಾಡಿದಿರೆಂದು ಸಂಜೆ ಹುಬ್ಬಳ್ಳಿ ಬಸ್ಸಿಗೆ ಕಾಯುವಾಗ ಮಾರ್ಗದರ್ಶಕಿಯನ್ನು ಕೇಳಿದೆ.

"ನಿನಗ ಮೊದಲ ಹೇಳಿದ್ರ ನಿನ್ನ ಮಾರಿ ಮ್ಯಾಲೆ ಕಾಣತಿತ್ತು," ಎಂದರು. "ನೀ ಹೇಳಿದ್ದು ಖರೇ ಅಂತ ನಂಬಿದ್ದಕ್ಕ ಆಕಿ ಬಾಯಿ ಬಿಟ್ಟಳು. ಕೂಸು ಉಳೀಬೇಕೋ ಬ್ಯಾಡೋ?"

ಮಗುವಿನ ವಿಶ್ವಾಸ ಗಳಿಸುವುದರಲ್ಲಿ ಸಮರ್ಥೆ ಎಂದು ಆ ಸಲ ನನಗೆ ಒಳ್ಳೆಯ ಅಂಕವನ್ನೂ ಕೊಟ್ಟರು.

ಕೂಸು ಉಳಿಯಿತು. ಅದನ್ನು ಹೇಳಲೇಬೇಕು. ತಾಯಿ ಹೊಲದ ಕೆಲಸ ಬಿಟ್ಟು ಮಧ್ಯಾಹ್ನ ಶಾಲೆಗೆ ಹೋಗಿ ತಾನೇ ಚುಚ್ಚತೊಡಗಿದಳು. ಮುಂದಿನ ತಿಂಗಳು ಬಂದ ಹುಡುಗಿ ದುಂಡಗಾಗಿದ್ದಳು. ನಾನು ಕೇಳಿದ್ದಕ್ಕೆಲ್ಲ ಒಂದೇ ದನಿಯಲ್ಲಿ ಉತ್ತರಿಸಿದಳು. ಊಟ ಆಯಿತೇ? ಹೌದ್ರಿ. ಹಸಿವಾಗಿದೆಯೇ? ಹೌದ್ರಿ. ಹುಡುಗಿಯರು ಈಗಲೂ ಕಾಡುತ್ತಾರೆಯೇ? ಹೌದ್ರಿ. ಕಾಡುವುದನ್ನು ಬಿಟ್ಟರೇ? ಹೌದ್ರಿ.

"ನಾ ನಿನಗ ಸುಳ್ಳು ಹೇಳಿದೆ ಅನಸೈತೇನು?"

"ಹೌದ್ರಿ," ಎಂದಳು, ಅಷ್ಟೇ ಮರ್ಯಾದೆಯಿಂದ.