ಮಾಸ್ತರರ ಪಾಳಿ

ನಮ್ಮ ಬ್ಯಾಂಡಿನ ಮಾಸ್ತರರು ಕರಜಗಿಯವರು. ಹರೆಯದಲ್ಲಿ ಮುಂಬೈಗೆ ಹೋಗಿ, ಯಾವುದೋ ಹೋಟೆಲಿನ ಜಾಝ್ ತಂಡದಲ್ಲಿ ಟ್ರಂಪೆಟ್ ಊದಿ, ಆ ಹುಚ್ಚು ಹಚ್ಚಿಕೊಂಡೇ ಮರಳಿದ್ದರು. ಇಲ್ಲಿ ಹೊಟ್ಟೆಪಾಡಿಗೆ ಮದುವೆ ಬ್ಯಾಂಡು. ಬೀಗರು ಊಟಕ್ಕೆ ಕೂತು ಯಾರೂ ನಮ್ಮತ್ತ ನೋಡದ ಹೊತ್ತಿನಲ್ಲಿ ಮಾತ್ರ ತಾವೇ ಕಟ್ಟಿದ ಟ್ಯೂನು ಶುರು ಮಾಡುತ್ತಿದ್ದರು.

ನಮ್ಮ ವಾದ್ಯಗಳೋ, ದೇವರಿಗೇ ಪ್ರೀತಿ. ನನ್ನದು ಸೊಲ್ಲಾಪುರದಲ್ಲಿ ಕೊಂಡ ಹಳೆಯ ಕ್ಲಾರಿನೆಟ್. ಜೇವರ್ಗಿಯ ದರ್ಜಿ ಗುಂಡಿ ಒತ್ತಿ ತಂತಿ ಮೀಟುವ ಬೆಂಜೊ ನುಡಿಸುತ್ತಿದ್ದ. ನಿಂಬರ್ಗಾದ ಗೆಳೆಯ ಹೊಲಕ್ಕೆ ನೀರು ಹಾಯಿಸುವ ಪೈಪುಗಳನ್ನು ಉದ್ದ ಗಿಡ್ಡ ಕತ್ತರಿಸಿ ಕಟ್ಟಿಕೊಂಡು, ಅವುಗಳ ಬಾಯಿಗೆ ರಬ್ಬರ್ ಚಪ್ಪಲಿಯಿಂದ ಬಡಿಯುತ್ತಿದ್ದ. ಡುಬ್ ಡುಬ್ ಎಂದು ಎಂಥ ದನಿ ಬರುತ್ತಿತ್ತೆಂದರೆ! ಆದರೂ "ಮಂಗಳಕಾರ್ಯದಾಗ ಚಪ್ಪಲಿ ಹಿಡಕೊಂಡು ಇದೇನ್ರಿ ನಿಮ್ಮ ಆಟ?" ಎಂದು ಹಿರಿಯರು ಗದರುತ್ತಿದ್ದರು.

ಮಾಸ್ತರರು ಟ್ಯೂನನ್ನು ತುಂಡು ಮಾಡಿ ನಾಲ್ವರಿಗೂ ಹಂಚುತ್ತಿದ್ದರು. ಒಬ್ಬನ ಪಾಳಿ ಮುಗಿದಲ್ಲಿ ಇನ್ನೊಬ್ಬನದು. ಬೇರೆಯವರ ಪಾಳಿಯನ್ನು ನುಡಿಸುವುದಿರಲಿ, ಗುನುಗುವಂತೆಯೂ ಇರಲಿಲ್ಲ. "ಅವನ ಪಾಳಿ ಅವಂದು. ನೀ ಸುಮ್ನ ಕುಂತು ಕೇಳು" ಎನ್ನುತ್ತಿದ್ದರು. ದರ್ಜಿಗೆ ಮಾತ್ರ ಒಂದು ಚಟ. ಟ್ಯೂನು ಮುಗಿದದ್ದೇ ತಡ ನನ್ನ ಕಡೆ ತಿರುಗಿ "ನನ್ನ ಪಾಳಿ ಹೆಂಗ ಬಂತ್ರಿ?" ಎಂದು ಕೇಳುವುದು. ಹೊಗಳಿದರೆ ಅಟ್ಟಕ್ಕೇರುವ ಆಸಾಮಿ. ನಾನು ಒಮ್ಮೆಯೂ ಉತ್ತರ ಕೊಡುತ್ತಿರಲಿಲ್ಲ.

ಮದುವೆಗಳಿಗೆ ಡಿಜೆ ಬಂತು. ಮಾಸ್ತರರು ತೀರಿಕೊಂಡರು. ಅವರ ಟ್ಯೂನಾದರೂ ಉಳಿಯಲಿ ಎಂದು ನಾವು ಮೂವರು ಅಮಾವಾಸ್ಯೆಗೊಮ್ಮೆ ಸೊನ್ನದ ಬ್ಯಾರೇಜಿನ ಹತ್ತಿರ ಬೇವಿನ ಮರದಡಿ ಸೇರತೊಡಗಿದೆವು. ಮಾಸ್ತರರ ಪಾಳಿ ಬಂದಾಗ ಯಾರೂ ನುಡಿಸುತ್ತಿರಲಿಲ್ಲ. ಅಷ್ಟು ಹೊತ್ತು ಕಾಲಿನಿಂದ ತಾಳ ಹಾಕುತ್ತ ಸುಮ್ಮನೆ ಕೂರುತ್ತಿದ್ದೆವು. "ಅದನ್ನೂ ನೀವೇ ಊದ್ರಿ, ನಿಮಗ ಬರ್ತದ" ಎಂದು ನಿಂಬರ್ಗಾದವನು ಒಮ್ಮೆ ಹೇಳಿದ. ಬರುತ್ತಿತ್ತು. ಆದರೂ ಅವನ ಮೇಲೆ ಹರಿಹಾಯ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಹೋದ ಚಳಿಗಾಲದಲ್ಲಿ ನಿಂಬರ್ಗಾದವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಆಮೇಲೆ ದರ್ಜಿಯ ಮೊಣಕಾಲಿನ ಆಪರೇಷನ್. "ಡಾಕ್ಟರು ಬಸ್ ಹತ್ತಬ್ಯಾಡ ಅಂದಾರ್ರಿ" ಎಂದು ಫೋನು ಮಾಡಿದ. ಈ ಅಮಾವಾಸ್ಯೆಗೆ ನಮ್ಮೂರು ಅಫಜಲಪುರದಿಂದ ನಾನೊಬ್ಬನೇ ಹೋದೆ. ಮನೆಯಲ್ಲಿ ಕೂತರೆ ಇನ್ನೂ ಬೇಸರವಾಗುತ್ತಿತ್ತು.

ಮರದಡಿ ಕೂತು ಶುರು ಮಾಡಿದೆ. ನನ್ನ ಪಾಳಿ ಮುಗಿಯಿತು. ಪೈಪಿನ ಪಾಳಿ ಬಂತು, ಕಾಲಿನಿಂದ ತಾಳ ಹಾಕುತ್ತ ಕಾದೆ. ಬೆಂಜೊ ಪಾಳಿಗೂ ಹಾಗೆಯೇ. ಅವರೆಲ್ಲರದೂ ನನಗೆ ಬಾಯಿಪಾಠ. ಕ್ಲಾರಿನೆಟ್ ತುಟಿಯ ಹತ್ತಿರವೇ ಇತ್ತು, ಊದಿಬಿಡೋಣವೇ ಎಂದು ಎಷ್ಟು ಆಸೆಯಾಯಿತೋ. ಊದಲಿಲ್ಲ. ಕೊನೆಗೆ ಮಾಸ್ತರರ ಪಾಳಿ ಬಂದಾಗ ಗಾಬರಿಯಾಯಿತು. ಇದ್ದವರ ಪಾಳಿಗೂ ಸತ್ತವರ ಪಾಳಿಗೂ ಏನೂ ವ್ಯತ್ಯಾಸವಿರಲಿಲ್ಲ. ನೀರಿನ ಸದ್ದು ಬಿಟ್ಟರೆ ಎಲ್ಲ ಒಂದೇ ಮೌನ. ಅಲ್ಲೇ ಕಣ್ಣೀರು ಬಂತು. ಮೂಗು ಒರೆಸಿಕೊಂಡು ನನ್ನ ಕಡೆಯ ತುಂಡನ್ನು ಊದಿ ಮುಗಿಸಿದೆ.

ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಗೆ ಹಾಕುವಾಗ ದರ್ಜಿಯ ಫೋನು.

"ನುಡಿಸಿದ್ರೇನ್ರಿ?"

"ಹೂಂ."

"ಪೂರಾ?"

"ಪೂರಾ ನುಡಿಸಿದೆ. ಯಾರದೂ ಬಿಟ್ಟಿಲ್ಲ."

ದರ್ಜಿ ಮೆಲ್ಲಗೆ ಕೇಳಿದ, "ನನ್ನ ಪಾಳಿ ಹೆಂಗ ಬಂತ್ರಿ?"

"ಭಾಳ ಚಲೋ ಬಂತು" ಎಂದೆ.