ಪ್ಲಗ್ ಅಕ್ಕನ ಇಪ್ಪತ್ತನೇ ಬೆಳಿಗ್ಗೆ

ಬೆಳಿಗ್ಗೆ ಐದೂವರೆ. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ನೂರ ನಲವತ್ತು ಟೀವಿಗಳು ಕಣ್ಣುಮುಚ್ಚಿ ಕೂತಿವೆ. ಐವತ್ತರ ಹೊಸ್ತಿಲಲ್ಲಿರುವ ಹೆಂಗಸೊಬ್ಬರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಹಳೇ ಟೀವಿಯೊಂದರ ಬೆನ್ನಿಗೆ ಅಂಗೈ ಇಟ್ಟು ನೋಡಿ, "ಚೆನ್ನಾಗಿ ತಣ್ಣಗಾಗಿದೆ" ಎಂದು ನಗುತ್ತಾರೆ.

ಕಚೇರಿಗೆಲ್ಲ ಇವರು ಪ್ಲಗ್ ಅಕ್ಕ. ಸಿನಿಮಾಗಳನ್ನು ಯಾರೂ ಕದ್ದು ನಕಲು ಮಾಡಬಾರದೆಂದು ಅವಕ್ಕೊಂದು ಬೀಗ ಇರುತ್ತದೆ. ಚಿತ್ರ ಕಳಿಸುವ ಮೊದಲು ಕಂಪ್ಯೂಟರು ಟೀವಿಗೆ ಗುಟ್ಟಿನ ಪ್ರಶ್ನೆಯೊಂದನ್ನು ಕೇಳುತ್ತದೆ: ನೀನು ನಿಜವಾದ ಟೀವಿಯೋ, ನಕಲು ಮಾಡುವ ಯಂತ್ರವೋ? ಹೊತ್ತಿಗೆ ಸರಿಯಾಗಿ ಉತ್ತರ ಬಂದರೆ ಚಿತ್ರ, ಇಲ್ಲದಿದ್ದರೆ ಪರದೆ ಕಪ್ಪು. ಹೀಗೆ ಕೇಳುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶ; ಅದನ್ನು ಬರೆಯುವುದು ಈ ಕಚೇರಿ. ಒಮ್ಮೊಮ್ಮೆ ಸಾಚಾ ಟೀವಿಯೂ ತಬ್ಬಿಬ್ಬಾಗಿ ಕಳ್ಳರ ಸಾಲಿಗೆ ಸೇರುತ್ತದೆ. ಯಾವ ಟೀವಿ, ಯಾಕೆ ಎಂದು ಪತ್ತೆ ಮಾಡುವುದೇ ಅಕ್ಕನ ಕೆಲಸ.

"ದಿನಕ್ಕೆ ಮುನ್ನೂರು ಸಲ ಕೇಬಲ್ ಚುಚ್ತೀನಿ, ಕೀಳ್ತೀನಿ" ಎಂದು ಗಟ್ಟಿಯಾಗಿರುವ ಹೆಬ್ಬೆರಳು ತೋರಿಸುತ್ತಾರೆ. ಪರೀಕ್ಷೆಗೆ ಹಾಕುವುದು ಪ್ರತಿ ಸಲವೂ ಅದೇ ಸಿನಿಮಾದ ಅದೇ ಎರಡು ನಿಮಿಷ. ಕೊಡೆ ಹಿಡಿದ ಹೆಂಗಸೊಬ್ಬಳು ಸೇತುವೆ ಹತ್ತುತ್ತಾಳೆ, ಅಷ್ಟೇ. "ಹನ್ನೊಂದು ವರ್ಷ ಆಯ್ತು. ಪುಣ್ಯಾತ್ಗಿತ್ತಿ ಆ ಕಡೆ ಇಳಿದ್ಲೋ ಇಲ್ವೋ, ನಂಗಿನ್ನೂ ಗೊತ್ತಿಲ್ಲ!"

ಅಕ್ಕನಿಗೆ ಹದಿನೇಳಾಗಿದ್ದಾಗ ಅಪ್ಪ ತೀರಿಕೊಂಡು ಓದು ನಿಂತಿತು. ಸೋದರಮಾವನ ರಿಪೇರಿ ಅಂಗಡಿಯಲ್ಲಿ ಬೆಸುಗೆ ಕಲಿತರು. ಹುಡುಗಿ ಕೈಗೆ ಟೀವಿ ಕೊಡಲು ಗಿರಾಕಿಗಳು ಹಿಂಜರಿಯುತ್ತಿದ್ದರು. "ಮಾವ ಊಟಕ್ಕೆ ಹೋಗಿದಾರೆ, ಬಂದು ಮಾಡ್ತಾರೆ ಅಂತ ಹೇಳಿ ನಾನೇ ಮಾಡಿಡ್ತಿದ್ದೆ. ಮಾವಂಗೆ ಒಳ್ಳೇ ಹೆಸರು ಬಂತು" ಎನ್ನುವಾಗ ಅವರ ದನಿಯಲ್ಲಿ ಕಹಿಯಿಲ್ಲ. ಅವರ ಬಗ್ಗೆ ಬರೆಯಲು ಬಂದ ನನಗೆ ಮಾತ್ರ ಮಾವನ ಮೇಲೆ ಕೊಂಚ ಸಿಟ್ಟು ಬಂತು.

ಈಗಿನ ತಂಟೆ ಶುರುವಾಗಿದ್ದು ಅಕ್ಕನ ಮನೆಯಲ್ಲೇ. ಡ್ರೈವರಿನ ಹೊಸ ಆವೃತ್ತಿ ಬಂದ ಮೇಲೆ ಅಮ್ಮ ಕಂಪ್ಯೂಟರಿನಿಂದ ಟೀವಿಗೆ ಹಾಕಿ ನೋಡುವ ಮಧ್ಯಾಹ್ನದ ಸಿನಿಮಾ ಕಪ್ಪಾಯಿತು. "ಊರಿನ ಟೀವಿಗಳಿಗೆಲ್ಲ ನೀನೇ ವೈದ್ಯೆ ಅಂತೀಯ, ನಮ್ಮನೇದು ನೋಡೋರಿಲ್ಲ!" ದೀಪದ ಬುಡದಲ್ಲೇ ಕತ್ತಲೆ. ವಿಚಿತ್ರವೆಂದರೆ, ಅದೇ ಮಾದರಿಯ ಟೀವಿ ಕಚೇರಿಯಲ್ಲಿ ಸರಿಯಾಗಿತ್ತು. ಇಂಥ ಮೂವತ್ತೊಂದು ಹಳೇ ಮಾದರಿಗಳ ಬಗ್ಗೆ ದೂರು ಬಂದಿದ್ದವು. ಡ್ರೈವರ್ ಬರೆಯುವ ಮುಖ್ಯ ಇಂಜಿನಿಯರ್, ಟೀವಿಗಳೇ ಕೆಟ್ಟಿರಬೇಕು, ಇವನ್ನು ಡ್ರೈವರ್ ಒಪ್ಪುವ ಟೀವಿಗಳ ಪಟ್ಟಿಯಿಂದ ತೆಗೆದುಬಿಡೋಣ ಎಂದರು. ತೆಗೆದರೆ ಅಂಥ ಟೀವಿ ಇರುವ ಮನೆಗಳಿಗೆಲ್ಲ ಕಪ್ಪು ಪರದೆಯೇ ಗತಿ.

ಇದು ಕೇಳಿದ್ದಕ್ಕೆ ಉತ್ತರ ಕೊಡುತ್ತಿಲ್ಲ, ಹೊಸ ಟೀವಿ ತರೋಣವೇ ಎಂದು ಅಕ್ಕ ಕೇಳಿದ್ದೇ ತಡ, ಅಮ್ಮ ರೇಗಿದರು. "ಎದ್ದ ತಕ್ಷಣ ಕೇಳಿದ್ರೆ ನಾನೂ ಮಾತಾಡಲ್ಲ. ನನ್ನನ್ನೂ ಬದಲಾಯಿಸ್ತೀಯಾ?"

ಆ ಮಾತಿನಲ್ಲೇ ಅಕ್ಕನಿಗೆ ಸುಳಿವು ಸಿಕ್ಕಿತು. ಅಮ್ಮ ಕರೆಂಟು ಉಳಿಸಲು ಟೀವಿಯನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸುವವರು. ಕಚೇರಿಯಲ್ಲೋ ಯಾರೂ ಯಾವತ್ತೂ ಪೂರ್ತಿ ಆರಿಸಿದ್ದಿಲ್ಲ. ಅಲ್ಲಿನ ಟೀವಿಗಳು ಸದಾ ಅರೆನಿದ್ದೆಯಲ್ಲಿದ್ದು, ಕೇಳಿದೊಡನೆ ಉತ್ತರಿಸುತ್ತಿದ್ದವು. ತಣ್ಣಗಿದ್ದ ಟೀವಿ ಏಳುವ ಮೊದಲೇ ಹೊಸ ಡ್ರೈವರು ಪ್ರಶ್ನೆ ಕೇಳಿ ಮುಗಿಸುತ್ತಿತ್ತು. ಅಂದಿನಿಂದ ಅಕ್ಕ ಸಂಜೆ ಹೊರಡುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಹೋಗುತ್ತಾರೆ, ಯಾರೂ ಬರುವ ಮೊದಲೇ ಬಂದು ಹಾಕುತ್ತಾರೆ. ಮೊದಲ ಬೆಳಿಗ್ಗೆಯೇ ಮೂವತ್ತೊಂದೂ ಕಪ್ಪಾದವು. "ಜೀವನದಲ್ಲಿ ಕಪ್ಪು ಪರದೆ ನೋಡಿ ಕುಣಿದಿದ್ದು ಅವತ್ತೇ" ಎನ್ನುತ್ತಾರೆ.

ಇಂಜಿನಿಯರು ತಪ್ಪೊಪ್ಪಿಕೊಂಡು ಡ್ರೈವರನ್ನು ತಿದ್ದಿದರು: ಟೀವಿ ಏಳುವವರೆಗೆ ಕಾದು ಕೇಳು, ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳು. ಆದರೆ ಮೂವತ್ತೊಂದೂ ಸತತ ಇಪ್ಪತ್ತು ಬೆಳಿಗ್ಗೆ ಪಾಸಾದರೆ ಮಾತ್ರ ಪಟ್ಟಿಯಲ್ಲಿ ಉಳಿಯುತ್ತವೆ. ಹತ್ತೊಂಬತ್ತು ಮುಗಿದಿವೆ.

ಇವತ್ತು ಇಪ್ಪತ್ತನೆಯದು. ಮೂವತ್ತು ಟೀವಿಗಳಲ್ಲಿ ಕೊಡೆ ಹಿಡಿದವಳು ಬಂದಾಗಿದೆ. ಉಳಿದಿರುವುದು ಅಮ್ಮನ ಟೀವಿಯ ಮಾದರಿ. ಅಕ್ಕ ಸ್ವಿಚ್ ಹಾಕುತ್ತಾರೆ. ಕಪ್ಪು. ನಿದ್ದೆಗಣ್ಣಲ್ಲಿ ಬಂದು ನಿಂತಿರುವ ಇಂಜಿನಿಯರು ಗಡಿಯಾರ ನೋಡುತ್ತಾರೆ. ಇನ್ನೂ ಕಪ್ಪು. "ಏಳು ತಾಯಿ, ಅವಸರ ಇಲ್ಲ" ಎನ್ನುತ್ತಾರೆ ಅಕ್ಕ. ಸೇತುವೆ ಕಾಣಿಸುತ್ತದೆ, ಆಮೇಲೆ ಕೊಡೆ.

"ಗೆದ್ರಿ ಅಕ್ಕ" ಎಂದು ಇಂಜಿನಿಯರು ಪಟ್ಟಿಗೆ ಸಹಿ ಹಾಕುತ್ತಾರೆ. ನನಗೆ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಅವರ ಮನೆಗೆ ಹೋಗುತ್ತೇವೆ. ಈ ತಂಟೆ ಮುಗಿಯುವವರೆಗೆ ಟೀವಿಯ ಗೋಡೆ ಸ್ವಿಚ್ ಆರಿಸಬೇಡ ಎಂದು ಅಕ್ಕ ಅಮ್ಮನಿಗೆ ಹೇಳಿದ್ದರು. ಉರಿಯುತ್ತಲೇ ಇರುವ ಕೆಂಪು ದೀಪ ನೋಡಲಾಗದೆ ಅಮ್ಮ ಅದಕ್ಕೊಂದು ಕರವಸ್ತ್ರ ಮುಚ್ಚಿದ್ದಾರೆ. ಅಕ್ಕ ತಿದ್ದಿದ ಡ್ರೈವರನ್ನು ಕಂಪ್ಯೂಟರಿಗೆ ಹಾಕಿ, ಕರವಸ್ತ್ರ ತೆಗೆದು ಮಡಚುತ್ತಾರೆ.

"ಅಮ್ಮಾ, ಇವತ್ತು ಸಿನಿಮಾ ಮುಗಿದ ಮೇಲೆ ಸ್ವಿಚ್ ಆರಿಸ್ಬಿಡು. ನಾಳೆ ಹಾಕಿದ್ರೆ ತಾನಾಗೇ ಏಳುತ್ತೆ."